ಕಲ್ಲು ಬುಡಕ್ಕೆ, ಹೆಂಚು ನೆತ್ತಿಗೆ

ಶ್ರೀರಂಗಪಟ್ಟಣದಿಂದ ಪಾಂಡವಪುರ, ಅಲ್ಲಿಂದ ಕೆ.ಆರ್. ಪೇಟೆ, ನಾಗಮಂಗಲದ ಕಡೆಗೆ ಹೋಗುವ ರಸ್ತೆಗಳ ಅಕ್ಕಪಕ್ಕ ಈಚೆಗೆ ಎದ್ದಿರುವ ಮನೆಗಳಿಗೆಲ್ಲ ಹೆಚ್ಚುಕಡಿಮೆ ಒಂದೇ ಮುಖ. ಬೀದಿ ಕಡೆಯ ಗೋಡೆಗೆ ಅರ್ಧಕ್ಕೋ ಪೂರ್ತಿಗೋ ಅಂಟಿಸಿದ ಕಲ್ಲಿನ ಪಟ್ಟಿ, ಬೂದು, ಹಳದಿ, ಇಟ್ಟಿಗೆಗೆಂಪು ಯಾವುದಾದರೂ ಸರಿ. ಪೋರ್ಟಿಕೋದ ಮೇಲೆ ಓರೆಯಾಗಿ ಹಾಕಿದ ಮೌಲ್ಡು, ಅದರ ಮೇಲೆ ಸಿಮೆಂಟಿನಲ್ಲಿ ಕೂರಿಸಿದ ಹೆಂಚು. ಕೈಯಲ್ಲಿ ಇನ್ನೊಂದಿಷ್ಟು ಕಾಸಿದ್ದವರು ಹೆಂಚಿನ ಜಾಗಕ್ಕೆ ಡಾಂಬರಿನ ಶಿಂಗಲ್ಸ್ ತರಿಸುತ್ತಾರೆ. ಉಳಿದ ಮೂರು ಗೋಡೆಗಳಿಗೆ ಸುಣ್ಣವೋ ಬಣ್ಣವೋ ಆದರೆ ಆಯಿತು, ಇಲ್ಲದಿದ್ದರೂ ಕೇಳುವವರಿಲ್ಲ. ಖರ್ಚೆಲ್ಲ ‘ಎಲಿವೇಶನ್’ನದು.

‘ಮುಂದ್ಗಡೆಗೆ ಕಲ್ ಹಾಕ್ಸಿ, ಮೇಲ್ಗಡೆ ಹೆಂಚ್ ಹೊದಿಸ್ಬುಡಣ. ಹಳೇ ಕಾಲದ ಕಳೆ ಬತ್ತದೆ ಕಣಣ್ಣ, ತಂಪೂ ಇರ್ತದೆ, ನಮ್ ಕಾಲ್ದಗಂಟ ಬಾಳಿಕೇನೂ ಬತ್ತದೆ’ ಅನ್ನುವುದು ಮೇಸ್ತ್ರಿಗಳ ಮಾತು. ಎಂಜಿನಿಯರು ಇದನ್ನೇ ಕಂಪ್ಯೂಟರಿನಲ್ಲಿ ಬಣ್ಣ ತುಂಬಿ ತೋರಿಸುತ್ತಾನೆ. ಗೃಹಪ್ರವೇಶಕ್ಕೆ ಬಂದ ನಂಟರು ತಲೆದೂಗುತ್ತಾರೆ. ಹೀಗೆ ಕಳೆ, ತಂಪು, ಬಾಳಿಕೆ ಎನ್ನುವ ಮೂರೂ ನಂಬಿಕೆಗಳು ಊರಿಂದೂರಿಗೆ ಹರಡಿ, ಈಗ ಯಾರೂ ಪ್ರಶ್ನೆ ಮಾಡದ ಮಾತಾಗಿಬಿಟ್ಟಿವೆ.

ಇದಕ್ಕೆ ಎದುರಾಗಿ ಇನ್ನೊಂದು ಪಕ್ಷವೂ ಇದೆ. ಅದರಲ್ಲಿರುವವರು ಮೈಸೂರು, ಬೆಂಗಳೂರಿನ ಅಭಿರುಚಿವಂತರು. ಕಬ್ಬಿನ ದುಡ್ಡು, ಸೈಟು ಮಾರಿದ ದುಡ್ಡು ಗೋಡೆ ಹತ್ತಿದೆ ಎಂದು ಮೂಗು ಮುರಿಯುವವರು ಇವರೇ. ತಮ್ಮ ತೋಟದ ಮನೆಗೆ ಹಳೆಯ ಕಂಬ, ಹಳೆಯ ಬಾಗಿಲು ಕೊಂಡು ನಿಲ್ಲಿಸಿ ‘ಅಪ್ಪಟ’ ಎಂದು ಹೇಳಿಕೊಳ್ಳುವವರೂ ಇವರೇ.

ಇಬ್ಬರೂ ಮನೆಯನ್ನು ಬೀದಿಯಲ್ಲಿ ನಿಂತು ನೋಡುತ್ತಾರೆ. ಒಬ್ಬರಿಗೆ ಕಂಡದ್ದು ಚಂದ, ಇನ್ನೊಬ್ಬರಿಗೆ ಒಡ್ಡು. ಈ ನಾಲ್ಕು ತಾಲ್ಲೂಕುಗಳಲ್ಲಿ ಕಲ್ಲು ಮತ್ತು ಹೆಂಚು ಜೊತೆಯಾಗಿದ್ದು ನೀರಿನಿಂದಾಗಿ, ಬಿಸಿಲಿನಿಂದಾಗಿ. ಕಲ್ಲಿಗೆ ಕೆಲಸವಿದ್ದದ್ದು ಬುಡದಲ್ಲಿ, ಹೆಂಚಿಗೆ ನೆತ್ತಿಯಲ್ಲಿ. ನಡುವಿನ ಗೋಡೆ ಮಣ್ಣಿನದು. ಇವತ್ತಿನ ಮನೆ ಬುಡದ ಕಲ್ಲನ್ನು ಎದೆಗೆ ಅಂಟಿಸಿಕೊಂಡಿದೆ, ಹೆಂಚನ್ನು ಕಾಂಕ್ರೀಟಿನ ಮೇಲೆ ಮಲಗಿಸಿದೆ. ಎರಡಕ್ಕೂ ಇದ್ದ ಕೆಲಸ ಹೋಗಿದೆ. ಸಂಪ್ರದಾಯ ಎನ್ನುವುದಾದರೆ ಹೋದದ್ದು ಅದೇ.

ಮೇಲುಕೋಟೆಯ ಬೀದಿಗಳಲ್ಲಿ, ಕಿಕ್ಕೇರಿ, ಬಿಂಡಿಗನವಿಲೆಯ ಕಡೆ ಇನ್ನೂ ಉಳಿದಿರುವ ಒಂದು ಹಳೆಯ ತೊಟ್ಟಿಮನೆಯ ಮುಂದೆ ನಿಂತು ಕೆಳಗಿನಿಂದ ಮೇಲಕ್ಕೆ ನೋಡಿ. ನೆಲಮಟ್ಟದಿಂದ ಸೊಂಟದವರೆಗೆ, ಕೆಲವು ಕಡೆ ಮೊಣಕಾಲಿನವರೆಗೆ, ಸೈಜುಗಲ್ಲು. ಅದರ ಮೇಲೆ ಜಗುಲಿಯ ಅಂಚಿಗೆ ಉದ್ದನೆಯ ಚಪ್ಪಡಿ. ಜಗುಲಿಯ ಕಂಬ ಮರದ್ದಾದರೆ ಅದರ ಬುಡಕ್ಕೆ ಒಂದು ಕಲ್ಲು ಇದ್ದೇ ಇರುತ್ತದೆ, ಏಕೆಂದರೆ ಮರ ನೆಲಕ್ಕೆ ತಾಗಿದರೆ ಗೆದ್ದಲು ಬಿಡುವುದಿಲ್ಲ. ಉಳ್ಳವರ ಮನೆಯಾದರೆ ಇಡೀ ಕಂಬವೇ ಕಲ್ಲಿನದು. ತೊಟ್ಟಿಯಲ್ಲಿ ಮಳೆನೀರು ಬೀಳುವ ಜಾಗ, ಬಚ್ಚಲು, ಒರಳು, ಬಾಗಿಲ ಮೆಟ್ಟಿಲು, ದನದ ಕೊಟ್ಟಿಗೆಯ ನೆಲ ಎಲ್ಲ ಕಲ್ಲೇ. ಎಲ್ಲಿ ನೀರು ನಿಲ್ಲುತ್ತದೋ, ಎಲ್ಲಿ ಕಾಲು ತುಳಿಯುತ್ತದೋ, ಎಲ್ಲಿ ಭಾರ ಕೂರುತ್ತದೋ ಅಲ್ಲಿ ಮಾತ್ರ.

ಗೋಡೆಗೆ ಬಂದರೆ ಕಲ್ಲು ಮಾಯ. ಅಲ್ಲಿ ಒಂದೂವರೆ ಎರಡು ಅಡಿ ದಪ್ಪದ ಮಣ್ಣು, ಮೇಲೆ ಸುಣ್ಣ, ಕೆಳಗಡೆ ಕೆಮ್ಮಣ್ಣಿನ ಪಟ್ಟೆ. ಬೆಟ್ಟದ ಬುಡದ ಊರುಗಳಲ್ಲಿ ಕಾಡುಗಲ್ಲಿನ ಗೋಡೆಯೂ ಉಂಟು. ಆದರೆ ಅದನ್ನು ಕೂಡಿಸಿದ್ದು ಮಣ್ಣು, ಮೇಲೆ ಮೆತ್ತಿದ್ದೂ ಮಣ್ಣು. ಕಲ್ಲು ಹೊರಗೆ ಕಾಣಲಿ ಎಂಬ ಆಸೆ ಆ ಗೋಡೆಗೆ ಇರಲಿಲ್ಲ. ಇದು ಬಡವರ ಮಾತಷ್ಟೇ ಅಲ್ಲ. 1800ರಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಫ್ರಾನ್ಸಿಸ್ ಬುಕಾನನ್ ಟಿಪ್ಪುವಿನ ಅರಮನೆಯ ಸುತ್ತಣ ಎತ್ತರದ ಗೋಡೆ ಕಲ್ಲು ಮತ್ತು ಮಣ್ಣಿನದು ಎಂದೇ ಬರೆದುಕೊಂಡಿದ್ದಾನೆ. ಸುಲ್ತಾನನ ಮನೆಗೇ ಮಣ್ಣು ಅವಮಾನವಾಗಿರಲಿಲ್ಲ.

ಕುಂತಿಬೆಟ್ಟ, ಬೇಬಿಬೆಟ್ಟ, ಮೇಲುಕೋಟೆಯ ಬಂಡೆಗಳ ನಡುವೆ ಬದುಕಿದವರಿಗೆ ಕಲ್ಲಿಗೇನು ಬರವಿತ್ತು? ಬೆಣಚುಗಲ್ಲಿನ ಸೀಮೆಯೇ ಇದು. ಬ್ರಿಟಿಷರ ಕಾಲದಲ್ಲಿ ಪಾಂಡವಪುರಕ್ಕೆ ಫ್ರೆಂಚ್ ರಾಕ್ಸ್ ಎಂದೇ ಹೆಸರಿತ್ತು. ಅಂಥ ಊರಲ್ಲೂ ಮನೆಯ ಗೋಡೆ ಮಣ್ಣಿನದಾಗಿದ್ದರೆ ಕಾರಣ ಕೈಲಾಗದಿರುವಿಕೆ ಒಂದೇ ಅಲ್ಲ. ಬಂಡೆ ಬಿಸಿಲಿಗೆ ಕಾದರೆ ಹೊತ್ತು ಮುಳುಗಿದ ಮೇಲೂ ಅದರ ಮೇಲೆ ಕೂರಲು ಆಗುವುದಿಲ್ಲ ಎಂಬುದು ಕುರಿ ಮೇಯಿಸುವ ಹುಡುಗನಿಗೂ ಗೊತ್ತಿತ್ತು. ಮಣ್ಣು ಶಾಖವನ್ನು ಕಲ್ಲಿಗಿಂತ ತುಂಬ ನಿಧಾನವಾಗಿ ದಾಟಿಸುತ್ತದೆ. ಎರಡಡಿ ದಪ್ಪದ ಮಣ್ಣಿನ ಗೋಡೆಯನ್ನು ದಾಟಿ ಒಳಕ್ಕೆ ಬರುವಷ್ಟರಲ್ಲಿ ಮಧ್ಯಾಹ್ನದ ಬಿಸಿಲು ಸೋತಿರುತ್ತದೆ. ಅದೂ ಅಲ್ಲದೆ, ಉದುರಿದ ಮಣ್ಣಿನ ಗೋಡೆಯನ್ನು ಹಬ್ಬಕ್ಕೆ ಮುಂಚೆ ಮನೆಯ ಹೆಂಗಸರೇ ಮೆತ್ತಿ ಸಾರಿಸುತ್ತಿದ್ದರು. ಕಲ್ಲಿನ ಗೋಡೆ ಬಿರುಕು ಬಿಟ್ಟರೆ ಕಲ್ಲು ಕೆಲಸದವರನ್ನೇ ಕರೆಯಬೇಕು.

ಮಣ್ಣಿನ ಗೋಡೆಗೆ ಇರುವ ಹಗೆ ಒಂದೇ, ನೀರು. ಕೆಳಗಿನಿಂದ ಏರುವ ತೇವವನ್ನು ಬುಡದ ಕಲ್ಲು ತಡೆಯಿತು. ಮೇಲಿನಿಂದ ಬರುವ ಮಳೆಯನ್ನು ಹೆಂಚಿನ ಮಾಡು ಗೋಡೆಯಿಂದ ದೂರಕ್ಕೆ ಎಸೆಯಿತು. ಅದಕ್ಕೇ ಸೂರು ಅಷ್ಟು ಮುಂದಕ್ಕೆ ಬರುತ್ತಿತ್ತು, ತಲೆ ಬಗ್ಗಿಸಿಯೇ ಜಗುಲಿ ಹತ್ತಬೇಕಿತ್ತು. ಮಂಡ್ಯ ಜಿಲ್ಲೆಗೆ ವರ್ಷಕ್ಕೆ ಬೀಳುವುದು ಸರಾಸರಿ 700 ಮಿ.ಮೀ. ಆಸುಪಾಸಿನ ಮಳೆ. ಮಂಗಳೂರಿನಲ್ಲಿ 3,500ಕ್ಕೂ ಮೇಲೆ. ಇಷ್ಟು ಕಡಿಮೆ ಮಳೆಗೆ ಇಳಿಜಾರು ಮಾಡು ಏಕೆ ಎಂದು ಕೇಳುವ ಎಂಜಿನಿಯರುಗಳಿದ್ದಾರೆ. ಅವರು ಮಳೆಯನ್ನು ಮಿಲಿಮೀಟರಿನಲ್ಲಿ ಅಳೆದಿದ್ದಾರೆ, ದಿಕ್ಕಿನಲ್ಲಿ ಅಳೆದಿಲ್ಲ. ಮುಂಗಾರಿಗೆ ಮುಂಚಿನ ಗಾಳಿಮಳೆ ಇಲ್ಲಿ ಓರೆಯಾಗಿ ಗೋಡೆಗೇ ಹೊಡೆಯುತ್ತದೆ. ಸೆಪ್ಟೆಂಬರ್, ಅಕ್ಟೋಬರಿನ ಮಳೆ ಸಂಜೆ ಸುರಿಯಲು ಶುರುವಾದರೆ ರಾತ್ರಿಯೆಲ್ಲ ಬಿಡುವುದಿಲ್ಲ. ಸೂರು ಕಟ್ಟಿದ್ದು ಆ ಮಳೆಗೆ.

ಹೆಂಚಿನ ವಿಷಯದಲ್ಲಿ ಒಂದು ತಿದ್ದುಪಡಿ ಬೇಕು. ‘ನಮ್ಮ ಸಂಪ್ರದಾಯದ ಹೆಂಚು’ ಎಂದು ಈಗ ಎಲ್ಲರೂ ಬೊಟ್ಟು ಮಾಡುವ ಚಪ್ಪಟೆ ಮಂಗಳೂರು ಹೆಂಚು ಕಾರ್ಖಾನೆಯ ಸರಕು. ಬಾಸೆಲ್ ಮಿಷನ್ನಿನ ಪ್ಲೆಬ್ಸ್ಟ್ ಮಂಗಳೂರಿನಲ್ಲಿ 1865ರಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದ ಮೇಲೆ ಅದು ಘಟ್ಟ ಹತ್ತಿ ಬಂದದ್ದು. ಅದಕ್ಕೆ ಮೊದಲು ಇಲ್ಲಿನ ಮನೆಗಳ ಮೇಲಿದ್ದದ್ದು ಊರ ಕುಂಬಾರರು ತಿಗರಿಯ ಮೇಲೆ ಮಾಡಿ ಸೀಳಿ ಸುಟ್ಟ ನಾಡಹೆಂಚು, ಇಲ್ಲವೇ ಹುಲ್ಲು. ಹಾಗಾಗಿ ಹೊಸ ಸರಕು ಬಂತೆಂದು ಗೋಳಾಡುವುದರಲ್ಲಿ ಹುರುಳಿಲ್ಲ. ನಮ್ಮ ಹಿರಿಯರೂ ಹೊಸ ಸರಕು ಬಂದಾಗ ಹಳೆಯದನ್ನು ಬಿಟ್ಟವರೇ. ಆದರೆ ಅವರು ಹೆಂಚು ಬದಲಿಸಿದಾಗ ಸೂರನ್ನು ಕತ್ತರಿಸಲಿಲ್ಲ.

ಈ ವಾದಕ್ಕೆ ಸಾಕ್ಷಿ ಬೇಕೆಂದರೆ ಶ್ರೀರಂಗಪಟ್ಟಣದ ದರಿಯಾ ದೌಲತ್ತಿಗೆ ಹೋಗಬೇಕು. 1784ರಲ್ಲಿ ಕಟ್ಟಿಸಿದ ಈ ಬೇಸಿಗೆ ಅರಮನೆಯಷ್ಟು ತನ್ನ ಹೊರಗೋಡೆಯ ಮೇಲೆ ಖರ್ಚು ಮಾಡಿದ ಕಟ್ಟಡ ಜಿಲ್ಲೆಯಲ್ಲಿ ಇನ್ನೊಂದಿರಲಾರದು. ಪಡುವಣ ಗೋಡೆಯ ತುಂಬ 1780ರ ಪೊಳ್ಳಿಲೂರು ಕದನ, ಆನೆ, ಕುದುರೆ, ಹೈದರ, ಟಿಪ್ಪು. ಎಲಿವೇಶನ್ ಎಂದರೆ ಇದು! ಆದರೆ ಆ ಗೋಡೆ ಇವತ್ತಿಗೂ ಇರುವುದು ಹೇಗೆ? ಕಟ್ಟಡ ನಿಂತಿರುವುದು ಎತ್ತರದ ಕಲ್ಲಿನ ಜಗತಿಯ ಮೇಲೆ, ಸುತ್ತಲೂ ತೇಗದ ಕಂಬಗಳ ಅಗಲವಾದ ಪಡಸಾಲೆ, ಅದರ ಮೇಲೆ ಮುಂದಕ್ಕೆ ಚಾಚಿದ ಸೂರು. ಚಿತ್ರದ ಗೋಡೆ ನೆರಳಿನ ಒಳಗಿದೆ. ಮಧ್ಯೆ ಮತ್ತೆ ಬಣ್ಣ ಹಚ್ಚಿಸಿದ್ದೂ ಉಂಟು, ಈಗ ಪುರಾತತ್ವ ಇಲಾಖೆ ಪರದೆ ಕಟ್ಟಿ ಕಾಯುತ್ತಿರುವುದೂ ಉಂಟು. ಆದರೂ ಮೊದಲು ಕಟ್ಟಿದವರು ನೆರಳು ಕೊಡದೆ ಹೋಗಿದ್ದರೆ ಇವರು ಕಾಯುವುದಕ್ಕೆ ಗೋಡೆಯಲ್ಲಿ ಏನೂ ಉಳಿಯುತ್ತಿರಲಿಲ್ಲ. ಹೊರಗೋಡೆ ಚಂದವಾಗಿರಬೇಕಾದರೆ ಮೊದಲು ಅದರ ಮುಂದೆ ಪಡಸಾಲೆ ಕಟ್ಟು ಎಂಬುದು ಆ ಕಟ್ಟಡದ ಪಾಠ. ನಾವು ಪಡಸಾಲೆ ತೆಗೆದು ಗೋಡೆಯನ್ನು ಬಿಸಿಲಿಗೂ ಮಳೆಗೂ ಒಡ್ಡಿ, ಅದರ ಮೇಲೆ ಕಲ್ಲು ಅಂಟಿಸುತ್ತಿದ್ದೇವೆ.

ಅಲ್ಲೇ ಗಂಜಾಂ ಕಡೆ ಸ್ವಲ್ಪ ನಡೆದರೆ ಗುಂಬಜ್. ಅಲ್ಲಿನ ಕರಿಕಲ್ಲಿನ ನುಣುಪು ಕಂಬಗಳನ್ನು ಮುಟ್ಟಿ ನೋಡದವರಿಲ್ಲ. ಆ ಕಲ್ಲು ಮೆರೆಯುತ್ತದೆ, ನಿಜ. ಆದರೆ ಭಾರ ಹೊತ್ತುಕೊಂಡು ಮೆರೆಯುತ್ತದೆ. ಪೂರ್ಣಯ್ಯನವರು ಕಾವೇರಿಗೆ ಕಟ್ಟಿಸಿ 1804ರಲ್ಲಿ ಮುಗಿಸಿದ ವೆಲ್ಲೆಸ್ಲಿ ಸೇತುವೆಯೂ ಹಾಗೆಯೇ: ಕಲ್ಲಿನ ಕಂಬ, ಕಲ್ಲಿನ ಬೋದಿಗೆ, ಕಲ್ಲಿನ ತೊಲೆ. ಅಲಂಕಾರ ಹುಡುಕಿದರೂ ಸಿಗುವುದಿಲ್ಲ, ನೋಡಲು ಮಾತ್ರ ಸೊಗಸು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಗಟ್ಟಿಯಾದದ್ದೇ. ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯ, ಕಿಕ್ಕೇರಿಯ ಬ್ರಹ್ಮೇಶ್ವರ, ನಾಗಮಂಗಲದ ಸೌಮ್ಯಕೇಶವ ಇವೆಲ್ಲವೂ ಕಲ್ಲಿನ ಹೊರಗೋಡೆಯವೇ ಅಲ್ಲವೇ? ಹೊಯ್ಸಳರ ಕಾಲದಿಂದ ಎಂಟು ನೂರು ವರ್ಷ ನಿಂತಿವೆಯಲ್ಲ? ಅಷ್ಟೇ ಅಲ್ಲ, ಹೊಯ್ಸಳ ಗೋಡೆಗಳಲ್ಲೂ ಹೊರಗಿನ ಕೆತ್ತನೆಗಲ್ಲು ಒಂದು ಪದರ, ಒಳಗಿನದು ಇನ್ನೊಂದು, ನಡುವೆ ತುಂಬಿದ್ದು ಚೂರುಗಲ್ಲು. ಹಾಗಾದರೆ ಹೊದಿಕೆಗಲ್ಲೂ ನಮ್ಮದೇ ಸಂಪ್ರದಾಯ ಎನ್ನಬಹುದು.

ಎನ್ನಲಿ, ಒಪ್ಪುತ್ತೇನೆ. ಹೊದಿಕೆ ಪಾಪವೆಂದು ನಾನು ಹೇಳುತ್ತಿಲ್ಲ. ಆದರೆ ಹೊಸಹೊಳಲಿಗೆ ಹೋದವರು ಶಿಲ್ಪಪಟ್ಟಿಕೆಗಳನ್ನು ನೋಡಿ ಮುಗಿಸಿದ ಮೇಲೆ ಕತ್ತು ಸ್ವಲ್ಪ ಎತ್ತಬೇಕು. ಶಿಖರ ಶುರುವಾಗುವ ಕಡೆ ಗುಡಿಯ ಸುತ್ತಲೂ ಕಲ್ಲಿನ ಸೂರು ಒಂದು ಸುತ್ತು ಬಂದಿದೆ, ಸುಮಾರು ಅರ್ಧ ಮೀಟರ್ ಮುಂದಕ್ಕೆ. ಅದರ ಕೆಳಗೆ ಒಂದು ಮೀಟರಿನಷ್ಟು ಬಿಟ್ಟು ಇನ್ನೊಂದು ಸೂರು. ಎರಡರ ನಡುವೆ ಪುಟ್ಟ ಗೋಪುರಗಳು, ಕೆಳಗಿನ ಸೂರಿನ ನೆರಳಲ್ಲಿ ದೇವತೆಗಳು. ಕಲ್ಲಿನ ಗೋಡೆಗೇ ಎರಡೆರಡು ಸೂರು ಕೊಟ್ಟವರು ಹೊಯ್ಸಳ ಶಿಲ್ಪಿಗಳು. ಅವರು ಹಿಡಿದದ್ದು ಮೆತ್ತನೆಯ ಬಳಪದ ಕಲ್ಲು. ಇನ್ನು ಕಂಬದಹಳ್ಳಿಯ ಗಂಗರ ಬಸದಿಗೆ ಹೋದರೆ ಅಲ್ಲಿ ಬೆಣಚುಕಲ್ಲು. ಅದಕ್ಕೆ ತಕ್ಕ ಹಾಗೆ ಕೆತ್ತನೆ ಕಡಿಮೆ, ಕಲ್ಲಿನ ತೂಕ ಹೆಚ್ಚು. ಯಾವ ಕಲ್ಲು, ಎಲ್ಲಿ, ಎಷ್ಟು ಎಂಬ ಲೆಕ್ಕವಿಲ್ಲದೆ ಗುಡಿ ಕಟ್ಟಿದವರಾರೂ ಇಲ್ಲಿಲ್ಲ. ದೇವರ ಮನೆಯ ಹೆಸರು ಹೇಳಿ ನಮ್ಮ ಮನೆಗೆ ಕಲ್ಲು ಅಂಟಿಸುವವರು ಆ ಲೆಕ್ಕವನ್ನೂ ಜೊತೆಗೆ ತರಬೇಕು.

ಈಗಿನ ಲೆಕ್ಕ ನೋಡೋಣ. 20 ಮಿ.ಮೀ. ದಪ್ಪದ ಗ್ರಾನೈಟು ಒಂದು ಚದರಡಿಗೆ ಸುಮಾರು ಐದು ಕೆ.ಜಿ. ತೂಗುತ್ತದೆ. ಹತ್ತಡಿಗೆ ಹತ್ತಡಿಯ ಮುಂಗೋಡೆಯ ಮೇಲೆ ಐದು ಕ್ವಿಂಟಲ್. ಭತ್ತ ತೂಗಿಸುವವರಿಗೆ ಐದು ಕ್ವಿಂಟಲ್ ಎಂದರೇನೆಂದು ಬಿಡಿಸಿ ಹೇಳಬೇಕಿಲ್ಲ. ಆರಂಗುಲದ ಸಿಮೆಂಟ್ ಬ್ಲಾಕಿನ ಗೋಡೆಗೆ ಇಷ್ಟು ಭಾರ ಬರಿಯ ಗಾರೆಯಲ್ಲೋ ಅಂಟಿನಲ್ಲೋ ಜೋತುಬಿದ್ದಿರುತ್ತದೆ. ನಗರದ ದೊಡ್ಡ ಕಟ್ಟಡಗಳಲ್ಲಿ ಇದಕ್ಕೆ ಉಕ್ಕಿನ ಕೊಂಡಿ ಹಾಕುತ್ತಾರೆ. ಹಳ್ಳಿಯ ಮನೆಯಲ್ಲಿ ಆ ಖರ್ಚು ಯಾರೂ ಮಾಡುವುದಿಲ್ಲ. ಬಿಸಿಲಿಗೆ ಕಲ್ಲು ಹಿಗ್ಗುವುದೇ ಬೇರೆ, ಹಿಂದಿನ ಗಾರೆ ಹಿಗ್ಗುವುದೇ ಬೇರೆ. ಪಡುವಣ ಮುಖದ ಮನೆಯಾದರೆ ಇದು ದಿನಾ ನಡೆಯುತ್ತದೆ. ಒಂದು ಕಡೆ ಕೂದಲೆಳೆಯ ಸಂದು ಬಿಟ್ಟರೆ ಮಳೆನೀರು ಹಿಂದಕ್ಕೆ ಇಳಿಯುತ್ತದೆ, ಹೊರಬರಲು ದಾರಿ ಇರುವುದಿಲ್ಲ. ಮೊದಲು ಕಲ್ಲಿನ ಸಂದಿಯಲ್ಲಿ ಬಿಳಿ ಉಪ್ಪು ಹೂತು ಕಾಣಿಸುತ್ತದೆ, ಆಮೇಲೆ ಒಳಗೋಡೆಯ ಬಣ್ಣ ಹಪ್ಪಳದಂತೆ ಏಳುತ್ತದೆ, ಕಡೆಗೆ ಒಂದು ತುಂಡು ಕಳಚಿ ಕೆಳಗೆ ಬೀಳುತ್ತದೆ. ಬಾಳಿಕೆಯ ಕತೆ ಇದು.

ತಂಪಿನ ಮಾತಂತೂ ಪೂರಾ ಸುಳ್ಳು. ಮುಕ್ಕಾಲಂಗುಲದ ಕಲ್ಲು ಶಾಖವನ್ನು ತಡೆಯುವುದಿಲ್ಲ. ಗಪ್ಪನೆ ಹೀರಿ ಹಿಂದಿನ ಬ್ಲಾಕಿಗೆ ದಾಟಿಸುತ್ತದೆ. ಕಲ್ಲಿನ ಮನೆ ತಂಪು ಎಂಬ ಅನುಭವ ನಮಗೆ ಬಂದದ್ದು ಮಾರುದ್ದ ದಪ್ಪದ ಗುಡಿಯ ಗೋಡೆಯೊಳಗೆ, ಕತ್ತಲ ಗರ್ಭಗುಡಿಯ ಮುಂದೆ. ಆ ನೆನಪನ್ನು ಟೈಲ್ಸ್ ಅಂಗಡಿಯವರು ಚದರಡಿ ಲೆಕ್ಕದಲ್ಲಿ ಮಾರುತ್ತಿದ್ದಾರೆ.

ಹೆಂಚಿನ ಗತಿ ಇನ್ನೂ ವಿಚಿತ್ರ. ಹಳೆಯ ಮಾಡಿನಲ್ಲಿ ಹೆಂಚು ರೀಪರಿನ ಮೇಲೆ ಬರಿದೆ ಕೂತಿರುತ್ತಿತ್ತು. ಹೆಂಚು ಹೆಂಚಿನ ನಡುವೆ ಗಾಳಿ ಆಡುತ್ತಿತ್ತು. ಒಲೆಯ ಹೊಗೆಯೂ ಮನೆಯ ಸೆಕೆಯೂ ಮೇಲಕ್ಕೇರಿ ಆ ಸಂದಿಗಳಲ್ಲೇ ಹೊರಗೆ ಹೋಗುತ್ತಿದ್ದವು. ಹೆಂಚು ಕಾದರೂ ತೆಳು, ಸಂಜೆಯಾಗುತ್ತಲೇ ಆರುತ್ತಿತ್ತು. ಈಗ ಅದೇ ಹೆಂಚನ್ನು ಓರೆ ಮೌಲ್ಡಿನ ಮೇಲೆ ಗಾರೆ ಹಾಕಿ ಅಂಟಿಸಿದರೆ ಗಾಳಿಯ ಸಂದು ಮುಚ್ಚಿಹೋಗುತ್ತದೆ. ಹೆಂಚಿನ ಶಾಖ ನೇರ ಕಾಂಕ್ರೀಟಿಗೆ ಇಳಿಯುತ್ತದೆ, ಕಾಂಕ್ರೀಟು ಅದನ್ನು ರಾತ್ರಿ ಮಲಗಿದವರ ಮೇಲೆ ಸುರಿಯುತ್ತದೆ. ನೀರು ಸೋರುವುದನ್ನು ತಡೆಯುವುದೂ ಕಾಂಕ್ರೀಟೇ. ಹಾಗಾದರೆ ಹೆಂಚು ಅಲ್ಲಿ ಮಾಡುತ್ತಿರುವುದೇನು? ಬಹುಪಾಲು ಮನೆಗಳಲ್ಲಿ ಅದು ಇರುವುದು ಪೋರ್ಟಿಕೋದ ಮೇಲೆ ಮಾತ್ರ, ಅಂದರೆ ಕಾರಿನ ಮೇಲೆ. ಮನುಷ್ಯರು ಮಲಗುವ ಕೋಣೆಯ ಮೇಲೆ ಬೋಳು ತಾರಸಿ, ನೀರಿನ ಕರಿ ಸಿಂಟೆಕ್ಸು.

ಶಿಂಗಲ್ಸ್ ಬಗ್ಗೆ ಹೆಚ್ಚು ಬರೆಯುವಂಥದ್ದೇನಿಲ್ಲ. ನಾರಿನ ಚಾಪೆಗೆ ಡಾಂಬರು ಹಿಡಿಸಿ ಮೇಲೆ ಕಲ್ಲಿನ ಹರಳು ಉದುರಿಸಿದ ಹಾಳೆ ಅದು. ಅಮೆರಿಕದ ಹಿಮ ಬೀಳುವ ಊರುಗಳಲ್ಲಿ ಹಲಗೆಯ ಮಾಡಿಗೆ ಮೊಳೆ ಹೊಡೆದು ಕೂರಿಸಲು ಹುಟ್ಟಿದ್ದು. ಅಲ್ಲಿ ಅದು ಅಗ್ಗದ ಸರಕು. ಇಲ್ಲಿ ಏಪ್ರಿಲಿನ ಬಿಸಿಲಲ್ಲಿ, ಕಾಂಕ್ರೀಟಿನ ಮೇಲೆ, ದುಬಾರಿ ಬೆಲೆಗೆ ಹಾಸಿಕೊಳ್ಳುತ್ತಿದ್ದೇವೆ. ನಮ್ಮೂರ ರಸ್ತೆಗೆ ಬೇಕಾದ ಡಾಂಬರು ಮನೆಯ ಮೇಲೇಕೆ ಎಂದು ಅಜ್ಜಿಯೊಬ್ಬಳು ಕೇಳಿದರೆ ಉತ್ತರ ಹೇಳುವುದು ಕಷ್ಟ.

ಕಲ್ಲು ಎಲ್ಲಿಂದ ಬರುತ್ತದೆ ಎನ್ನುವುದು ಇನ್ನೊಂದು ಕತೆ. ಗೋಡೆಗೆ ಅಂಟಿಸುವ ಹಳದಿ ಕಲ್ಲು, ಮರಳುಗಲ್ಲು ರಾಜಸ್ಥಾನದ್ದು, ಕರಿ ಚಪ್ಪಡಿ ಕಡಪದ್ದು. ಮನೆಯ ಹಿಂದೆಯೇ ಇರುವ ಬೆಟ್ಟದ ಕಲ್ಲು ಜಲ್ಲಿಯಾಗಿ, ಎಂ-ಸ್ಯಾಂಡಾಗಿ ಲಾರಿ ಏರಿ ಹೋಗುತ್ತದೆ. ದನಗಳ ಜಾತ್ರೆಗೆ ಹೆಸರಾಗಿದ್ದ ಬೇಬಿಬೆಟ್ಟ ಕಲ್ಲು ಗಣಿಗಳಿಂದ ಸುದ್ದಿಗೆ ಬಂತು. ಅಲ್ಲಿನ ಸ್ಫೋಟದಿಂದ ಕನ್ನಂಬಾಡಿ ಕಟ್ಟೆಗೆ ಅಪಾಯವೇ ಎಂಬ ವಿವಾದ 2021ರಲ್ಲಿ ಜೋರಾಯಿತು. ಅಣೆಕಟ್ಟೆಯ ಸುತ್ತ 20 ಕಿ.ಮೀ. ವ್ಯಾಪ್ತಿಯಲ್ಲಿ ಗಣಿಗಾರಿಕೆ ಕೂಡದೆಂದು 2024ರ ಜನವರಿಯಲ್ಲಿ ಹೈಕೋರ್ಟು ಆದೇಶ ಕೊಟ್ಟಿತು. ಅದೇ ಕಟ್ಟೆ 1911ರಲ್ಲಿ ಶುರುವಾಗಿ ಎರಡು ದಶಕ ಕಲ್ಲು ಮತ್ತು ಸುರಕಿ ಗಾರೆಯಲ್ಲಿ ಎದ್ದದ್ದು. ಉಳಿ ಸುತ್ತಿಗೆ ಹಿಡಿದು ಸೈಜುಗಲ್ಲು ಒಡೆಯುವ ಕೈಗಳು ಈ ಸೀಮೆಯಲ್ಲಿ ಈಗಲೂ ಇವೆ, ಅವರಿಗೆ ಕೆಲಸವಿಲ್ಲ. ಸಿಡಿಮದ್ದು ಇಟ್ಟು ಬೆಟ್ಟವನ್ನು ಪುಡಿ ಮಾಡುವವರಿಗೆ ಮಾತ್ರ ಕೈತುಂಬ ಕೆಲಸ. ತನ್ನೂರ ಕಲ್ಲನ್ನು ಪುಡಿ ಮಾಡಿ ಮಾರಿ, ಸಾವಿರ ಮೈಲಿಯಾಚೆಯ ಕಲ್ಲನ್ನು ‘ನ್ಯಾಚುರಲ್ ಲುಕ್’ ಎಂದು ಕೊಂಡು ತರುವ ವ್ಯಾಪಾರವನ್ನು ಏನೆಂದು ಕರೆಯುವುದು?

ಇಷ್ಟು ಹೇಳಿದ ಮೇಲೆ ಮೂಗು ಮುರಿಯುವ ಪಕ್ಷದ ಜೊತೆಗೂ ಜಗಳ ಆಡಬೇಕು. ಕಲ್ಲು ಹಾಕಿಸಿದ ರೈತನನ್ನು ನೋಡಿ ನಗುವವರು ಅವನ ಅಜ್ಜ ಎಂಥ ಮನೆಯಲ್ಲಿದ್ದ ಎಂದು ಕೇಳಿಲ್ಲ. ಈ ಸೀಮೆಯಲ್ಲಿ ಕೆತ್ತಿದ ಕಲ್ಲು ನೂರಾರು ವರ್ಷ ಗುಡಿಗೆ, ಕೋಟೆಗೆ, ಅರಮನೆಗೆ, ಅಗ್ರಹಾರದ ಜಗುಲಿಗೆ ಸೇರಿದ ಸೊತ್ತು. ಆ ಕಲ್ಲು ಹೊತ್ತವರ, ಕೆತ್ತಿದವರ ಮನೆಗೆ ಹುಲ್ಲಿನ ಮಾಡು. ಈಗ ಅವರ ಮೊಮ್ಮಕ್ಕಳು ನಮ್ಮ ಮನೆಗೂ ಕಲ್ಲಿರಲಿ ಎಂದರೆ ಅದು ಒಡ್ಡುತನವಲ್ಲ, ತಡವಾಗಿ ಬಂದ ಪಾಲು. ನನ್ನ ತಕರಾರು ಆಸೆಯ ಮೇಲಲ್ಲ. ಆ ಆಸೆಗೆ ಸಿಕ್ಕಿದ್ದು ಮುಕ್ಕಾಲಂಗುಲದ ಕಲ್ಲು ಎಂಬುದರ ಮೇಲೆ.

ಹೆಂಚಿನ ಮನೆ ಬಿಟ್ಟವರನ್ನೂ ಹಾಗೆಯೇ ಸುಲಭಕ್ಕೆ ದೂರುವಂತಿಲ್ಲ. ವರ್ಷಾವರ್ಷ ಮಳೆಗೆ ಮುಂಚೆ ಹೆಂಚು ಕೈಯಾಡಿಸುವ ಕಷ್ಟ, ಆ ಕೆಲಸಕ್ಕೆ ಆಳು ಸಿಗದ ಪಾಡು, ಇಲಿ, ಚೇಳು, ಸೋರುವ ಕಡೆಗಳಿಗೆಲ್ಲ ಪಾತ್ರೆ ಇಟ್ಟುಕೊಂಡು ಕಳೆದ ರಾತ್ರಿಗಳು ಅವರಿಗೆ ಗೊತ್ತು. ಮೇಲುಕೋಟೆಯವರನ್ನು ಕೇಳಿ, ಕೋತಿಗಳ ಪುರಾಣವನ್ನೇ ಬಿಚ್ಚುತ್ತಾರೆ. ಹೆಣ್ಣು ಕೊಡುವವರು ‘ತಾರಸಿ ಮನೆಯೋ, ಹೆಂಚಿನ ಮನೆಯೋ’ ಎಂದು ಕೇಳುತ್ತಿದ್ದ ಕಾಲ ಇನ್ನೂ ಪೂರ್ತಿ ಹೋಗಿಲ್ಲ. ಮೊದಲು ತಾರಸಿ ಹಾಕಿ ಬಡತನ ಕಳೆದುಕೊಂಡವರು, ಈಗ ಅದರ ಮೇಲೆ ಹೆಂಚು ಹಾಕಿ ಸಿರಿವಂತಿಕೆ ತೋರಿಸಬೇಕಾಗಿ ಬಂದಿದೆ. ಇದರಲ್ಲಿ ನಗುವಂಥದ್ದಿದ್ದರೆ ಅದಕ್ಕೆ ಕಾರಣರಾದವರಲ್ಲಿ ನಗುವ ಆ ಅಭಿರುಚಿವಂತರೂ ಇದ್ದಾರೆ. ಹೆಂಚಿಗೆ ಮತ್ತೆ ಬೆಲೆ ತಂದದ್ದು ಅವರ ರೆಸಾರ್ಟುಗಳು.

ಹಾಗಾದರೆ ಮಣ್ಣಿನ ತೊಟ್ಟಿಮನೆಗೆ ಮರಳಿ ಎನ್ನುತ್ತಿದ್ದೇನೆಯೇ? ಇಲ್ಲ. ಮರ ಸಿಗುವುದಿಲ್ಲ, ಜಾಗ ಸಾಲುವುದಿಲ್ಲ. ಮುವ್ವತ್ತು ನಲವತ್ತರ ಸೈಟಿನಲ್ಲಿ ತೊಟ್ಟಿ ಎಲ್ಲಿ ಬಂತು? ಆದರೆ ಕಲ್ಲಿಗೂ ಹೆಂಚಿಗೂ ಅವುಗಳ ಕೆಲಸ ಮರಳಿ ಕೊಡಲು ಇದಾವುದೂ ಬೇಕಿಲ್ಲ. ಮುಂಗೋಡೆಗೆ ಅಂಟಿಸಲು ಎತ್ತಿಟ್ಟ ದುಡ್ಡಿನಲ್ಲಿ ಮನೆಯ ಸುತ್ತ ಮೂರಡಿ ಸೈಜುಗಲ್ಲಿನ ಕಟ್ಟಡ ಬರುತ್ತದೆ, ಕಬ್ಬಿನ ಗದ್ದೆಯ ಬಯಲಿನಲ್ಲಿ ಮನೆ ಕಟ್ಟುವವರಿಗಂತೂ ಅದು ಬೇಕೇಬೇಕು. ನಾಲೆ ಬಂದ ಮೇಲೆ ವಿಶ್ವೇಶ್ವರಯ್ಯ ಕಾಲುವೆಯ ಕೆಳಗಿನ ಊರುಗಳಲ್ಲಿ ಗೋಡೆಗೆ ತೇವ ಏರುವುದನ್ನು ನೋಡದವರಿಲ್ಲ. ಮೆಟ್ಟಿಲು, ಜಗುಲಿಯ ಅಂಚು, ಎರಡು ಕಂಬ ಇಡಿಯ ಕಲ್ಲಿನವಾಗಲಿ. ಬೆರಳು ಮಡಚಿ ಬಡಿದರೆ ಟೊಳ್ಳು ಸದ್ದು ಬರದ ಕಲ್ಲು ಅದು. ನೋಡಲೂ ಅದರ ಮುಂದೆ ಅಂಟಿಸಿದ ಪಟ್ಟಿ ನಿಲ್ಲುವುದಿಲ್ಲ.

ಹೆಂಚು ಬೇಕೆನ್ನುವವರು ಮಲಗುವ ಕೋಣೆಯ ಮೇಲೆ ಹಾಕಿಸಲಿ. ತಾರಸಿಯ ಮೇಲೆ ಕಬ್ಬಿಣದ ಚೌಕಟ್ಟು, ರೀಪರು, ಅದರ ಮೇಲೆ ಹೆಂಚು, ಕೆಳಗೆ ಗಾಳಿ ಆಡುವಷ್ಟು ಜಾಗ. ನೂರು ಚದರಡಿಗೆ ಹೆಚ್ಚುಕಡಿಮೆ ನೂರೈವತ್ತು ಹೆಂಚು ಸಾಕು, ಕೋತಿ ಒಡೆದರೂ ಮನೆ ಸೋರುವುದಿಲ್ಲ, ಒಡೆದದ್ದನ್ನು ಮಾತ್ರ ಬದಲಿಸಿದರಾಯಿತು. ಓರೆ ಮೌಲ್ಡಿನ ಮೇಲೇ ಹೆಂಚು ಹಾಕುವ ಹಟವಿದ್ದರೂ ನಡುವೆ ರೀಪರು ಬರಲಿ, ಗಾರೆ ಬೇಡ. ಎಲ್ಲಕ್ಕಿಂತ ಮುಖ್ಯವಾಗಿ ಸಜ್ಜ. ಕಿಟಕಿಯ ಮೇಲೆ ಒಂದೂವರೆ ಅಡಿಯ ತುಂಡು ಸಜ್ಜ ಇಟ್ಟು ಮುಗಿಸುವುದು ಈಗಿನ ರೂಢಿ. ಗೋಡೆಯ ಉದ್ದಕ್ಕೂ ಎರಡೂವರೆ ಅಡಿ ಚಾಚಿದ ಸೂರು ಬಂದರೆ ಗೋಡೆಗೆ ಕಲ್ಲೂ ಬೇಡ, ದುಬಾರಿ ಪೇಂಟೂ ಬೇಡ.

ಗೋಡೆಗೆ ಇಟ್ಟಿಗೆಯಾದರೆ ಇಟ್ಟಿಗೆ. ಮಣ್ಣನ್ನು ಮರೆಯದವರಿಗೆ ಪಕ್ಕದಲ್ಲೇ ಒಂದು ದಾರಿ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿದ ಆಸ್ತ್ರ ತಂಡ ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ, ಕೈಯಂತ್ರದಲ್ಲಿ ಒತ್ತಿ, ಸುಡದೆ ಮಾಡುವ ಇಟ್ಟಿಗೆಯನ್ನು ರೂಢಿಗೆ ತಂದಿತು. ಅವರ ಹಳ್ಳಿ ಕೇಂದ್ರ ಇದ್ದದ್ದು ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ, ನಾಗಮಂಗಲದ ನೆರೆಯಲ್ಲಿ. ಬೆಂಗಳೂರಿನಲ್ಲಿ ಆ ಇಟ್ಟಿಗೆಯ ಮನೆಗಳು ಬೇಕಾದಷ್ಟಿವೆ. ನಾಗಮಂಗಲದ ಮೇಸ್ತ್ರಿಗೆ ಅದರ ಹೆಸರು ತಲುಪುವ ಮೊದಲು ಶಿಂಗಲ್ಸಿನ ಹೆಸರು ತಲುಪಿತು.

ಕಡೆಯ ಮಾತು, ಹಳೆಯ ಮನೆ ಕೆಡವಲು ಹೊರಟವರಿಗೆ. ಕೆಡವುವುದು ತಪ್ಪೆನ್ನುವುದಿಲ್ಲ. ಟಿಪ್ಪುವಿನ ಅರಮನೆಯ ತೊಲೆಗಳು ಶ್ರೀರಂಗಪಟ್ಟಣದಿಂದ ಊಟಿಗೆ ಹೋಗಿ ಅಲ್ಲಿನ ಸೇಂಟ್ ಸ್ಟೀಫನ್ಸ್ ಚರ್ಚಿಗೆ ಬಳಕೆಯಾದವು. ಕಟ್ಟೆಯ ನೀರಿನಲ್ಲಿ ಮುಳುಗಿದ್ದ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ಗುಡಿಯನ್ನು ನಮ್ಮ ಕಾಲದಲ್ಲೇ ಕಲ್ಲುಕಲ್ಲಾಗಿ ಬಿಚ್ಚಿ ಹಿನ್ನೀರಿನ ದಡದಲ್ಲಿ ಮತ್ತೆ ಕಟ್ಟಿದರು. ಬಿಚ್ಚಿ ಕಟ್ಟುವುದು ಈ ಮಣ್ಣಿಗೆ ಹೊಸದಲ್ಲ. ಜೆಸಿಬಿ ಬರುವ ಹಿಂದಿನ ದಿನ ಜಗುಲಿಯ ಚಪ್ಪಡಿ, ಕಂಬ, ಬುಡದ ಸೈಜುಗಲ್ಲು, ಒಡೆಯದೆ ಉಳಿದ ಹೆಂಚು ಇವನ್ನೆಲ್ಲ ಇಳಿಸಿ ಎಣಿಸಿಟ್ಟುಕೊಳ್ಳಿ. ಹಳೆ ಸಾಮಾನಿನವರು ಅವನ್ನು ಅಡ್ಡಾದಿಡ್ಡಿ ಬೆಲೆಗೆ ಕೇಳಿದರೆ ಕೊಡಬೇಡಿ. ಹೊಸ ಮನೆಯ ಪಾಯಕ್ಕೆ, ಮೆಟ್ಟಿಲಿಗೆ, ಹಿತ್ತಿಲ ಸೂರಿಗೆ ಮೊದಲು ಅವನ್ನು ಹಾಕಿಸಿ, ಆಮೇಲೆ ಕಲ್ಲಿನಂಗಡಿಗೆ ಹೋಗಿ.